ಎಮು ಹೆಣ್ಣು 52 ಕೆಜಿ, ಮೊಟ್ಟೆ ಬರೀ 9. ಫೀಡ್ ಇಳಿಸ್ಲಾ?

ಚಳ್ಳಕೆರೆ ಹುಡ್ಗ: ಮೂರು ಜೋಡಿ ಎಮು ಇದೆ ನಮ್ಮಲ್ಲಿ. ಒಂದು ಹೆಣ್ಣು 52 ಕೆಜಿ, ಹೋದ ಸೀಸನ್ 9 ಇಟ್ಟು ಅದ್ರಲ್ಲಿ 5 ಖಾಲಿ, ಮರಿ ಕಟ್ಟದ್ದು. ಪಕ್ಕದ್ದು 41 ಕೆಜಿ, 27 ಇಟ್ಟಿದೆ. ಸೆಪ್ಟೆಂಬರ್ ಬಂತು, ಮೊಟ್ಟೆ ಸೀಸನ್ ಹತ್ರ ಆಯ್ತು, ಈಗ್ಲೇ ಫೀಡ್ ಕಮ್ಮಿ ಮಾಡ್ಲಾ? ಅನುಭವ ಇದ್ದೋರು ಹೇಳಿ.

ಶಿರಾ ತೋಟ: ನಾನು ಸುಟ್ಕೊಂಡಿರೋದು ಹೇಳ್ತೀನಿ. 2010ರಲ್ಲಿ 5 ಜೋಡಿ ತಂದೆ, ದಪ್ಪ ಆದಷ್ಟೂ ಮೊಟ್ಟೆ ಅಂದ್ಕೊಂಡು ತಲೆಗೆ ದಿನಕ್ಕೆ ಒಂದೂವರೆ ಕೆಜಿ ಸುರಿದೆ, ಸೀಸನ್ ಮಧ್ಯದಲ್ಲೂ ಬಿಡ್ಲಿಲ್ಲ. ತಿಂಗ್ಳಿಗೆ 9 ಚೀಲ, ಚೀಲಕ್ಕೆ 850, ಹೆಂಡ್ತಿ ಬಳೆ ಅಡ ಇಟ್ಟಿದ್ದು ಇದಕ್ಕೇ. ಎರಡು ಹೆಣ್ಣು ಒಂದೂ ಇಡ್ಲಿಲ್ಲ, ಇನ್ನೊಂದಕ್ಕೆ ಮೊಟ್ಟೆ ಒಳಗೇ ಸಿಕ್ಕಿ ಮೂರನೇ ದಿನ ಸತ್ತೋಯ್ತು, ಕೊಯ್ಸಿದ್ರೆ ಹೊಟ್ಟೆ ತುಂಬ ಕೊಬ್ಬು. ಇಳಿಸಿ, ಇವತ್ತೇ ಇಳಿಸಿ.

ಕೊಪ್ಪಳ ಫಾರ್ಮ್: ಅರ್ಧ ಮಾತು ಹೇಳಿ ಹುಡುಗನ್ನ ಹಾಳು ಮಾಡ್ಬೇಡಿ. ಮೊಟ್ಟೆ ಶುರು ಆದ್ಮೇಲೆ ಅವು ತಾವಾಗೇ ತಿನ್ನೋದು ಕಮ್ಮಿ ಮಾಡ್ತವೆ, ಗಂಡು ಕಾವಿಗೆ ಕೂತ್ರೆ 8 ವಾರ ಮೇವೇ ಮುಟ್ಟಲ್ಲ, ಆಗ ಮೈ ಮೇಲಿನ ಕೊಬ್ಬೇ ಅವಕ್ಕೆ ಅನ್ನ. ಇಂಥ ಬುದ್ಧಿ ಕೇಳಿ ಒಂದ್ಸಲ ಆಗಸ್ಟಲ್ಲಿ ಅರ್ಧ ಕೆಜಿಗೆ ಇಳಿಸ್ದೆ, 46 ಕೆಜಿ ಇದ್ದ ಹೆಣ್ಣು 38ಕ್ಕೆ ಬಂತು, ಮೊದಲ ಮೊಟ್ಟೆ ನೋಡಿದ್ದು ಡಿಸೆಂಬರ್ ಕೊನೆಗೆ, ಒಟ್ಟು 7, ಸಿಪ್ಪೆ ಬೆರಳಿಗೇ ಬಿರಿಯೋದು. ಇಳಿಸೋದಿದ್ರೆ ಏಪ್ರಿಲ್-ಮೇನಲ್ಲಿ ಇಳಿಸ್ಬೇಕಿತ್ತು. ಈಗ ಬ್ರೀಡರ್ ಫೀಡ್ (ಮೊಟ್ಟೆ ಇಡೋ ಹಕ್ಕಿಗೆ ಅಂತಲೇ ಮಾಡಿದ ಮೇವು), ಕ್ಯಾಲ್ಸಿಯಂ ಕೊಡೋ ಟೈಮು. ಮತ್ತೆ ಖಾಲಿ ಮೊಟ್ಟೆಗೆಲ್ಲ ಹೆಣ್ಣನ್ನೇ ಬೈತೀರಲ್ಲ, ಗಂಡನ್ನ ಯಾರಾದ್ರೂ ತೂಗಿದ್ರಾ?

ಮರಿಮನೆ: ಮೊದ್ಲು ಖಾಲಿ ಅಂತ ಹೆಂಗೆ ಗೊತ್ತಾಯ್ತು? ಕಡು ಹಸಿರು ಸಿಪ್ಪೆ, ಟಾರ್ಚ್ ಬೆಳಕೇ ಹಾಯಲ್ಲ. ನಾನು 11 ಎಸೆದೆ, ಆಮೇಲೆ ಒಡೆದು ನೋಡಿದ್ರೆ 4ರಲ್ಲಿ ಮರಿ ಸತ್ತಿತ್ತು. ಕಾವು ಮಶೀನಲ್ಲಿ ಐವತ್ತು ದಿನ 97 ಡಿಗ್ರಿ ಫ್ಯಾರನ್‌ಹೀಟ್ ಹಿಡ್ದಿಡ್ಬೇಕು, ನಮ್ಮೂರಲ್ಲಿ ಕರೆಂಟ್ ರಾತ್ರಿಯೆಲ್ಲ ಇರ್ತಿರ್ಲಿಲ್ಲ, ಯುಪಿಎಸ್‌ಗೆ 22 ಸಾವಿರ ಹಾಕ್ದೆ, ಬ್ಯಾಟರಿ ಎರಡೇ ವರ್ಷಕ್ಕೆ ಹೋಯ್ತು. ನನಗೆ ಇವತ್ತಿಗೂ ಆ ನಾಲ್ಕು ಮರಿ ಕಣ್ಣಲ್ಲೇ ಇದೆ.

ಶಿರಾ ತೋಟ: ಕೊಪ್ಪಳದೋರೇ, ಅರ್ಧ ಮಾತು ಅನ್ನೋಕೆ ನೀವ್ಯಾರು? ಕೆಜಿ ಲೆಕ್ಕದಲ್ಲಿ ವಾಪಸ್ ತಗೋತೀವಿ, ಕೊಬ್ಬಿಂದ ಎಣ್ಣೆ ತೆಗೀತೀವಿ ಅಂತ ಏಜೆಂಟ್ ಹೇಳಿದ್ದಕ್ಕೇ ನಾವು ಕೊಬ್ಬಿಸಿದ್ದು. 2012ರಲ್ಲಿ ತಮಿಳ್ನಾಡಿನ ಪೆರುಂದುರೈ ಕಡೆ ಈ ಬೈಬ್ಯಾಕ್, ಅಂದ್ರೆ ವಾಪಸ್ ಕೊಳ್ಳೋ ಸ್ಕೀಮು, ಮುಳುಗಿದ್ಮೇಲೆ ಆ ನಂಬರೇ ಸ್ವಿಚ್ ಆಫ್.

ಕೊಪ್ಪಳ ಫಾರ್ಮ್: ಬೈಬ್ಯಾಕ್ ನಂಬಿದ್ದು ನಿಮ್ ತಪ್ಪು, ಅದನ್ನ ಹಕ್ಕಿ ತೂಕದ ಮೇಲೆ ಹಾಕ್ಬೇಡಿ. ನಾನು ಮಾಂಸ ನಾನೇ ಮಾರ್ದೆ, ಹೊಸಪೇಟೆ ತನಕ ಬೈಕಲ್ಲಿ.

ಶಿರಾ ತೋಟ: ಮಾರಿದ್ರಂತೆ! ಸಾಲ ಮಾಡಿದೋನ ಮುಂದೆ ಹಂಗೆ ಮಾತಾಡ್ಬೇಡಿ.

ಚಳ್ಳಕೆರೆ ಹುಡ್ಗ: ಗಂಡನ್ನ ಇವತ್ತು ಪ್ಲೈವುಡ್ ಡಬ್ಬಕ್ಕೆ ನೂಕಿ ಕಾಯಿ ತಕ್ಕಡಿ ಮೇಲೆ ತೂಗ್ದೆ, ತೊಡೆಗೆ ಒದೆಸ್ಕೊಂಡೆ. 49 ಬಂತು. ಇದು ಜಾಸ್ತಿನಾ?

ಮರಿಮನೆ: ನನ್ ಬ್ಯಾಟರಿ ಹೋಯ್ತಲ್ಲ, ನೀವೆಲ್ಲ ಯುಪಿಎಸ್ ಯಾವ್ದು ತಗೊಂಡ್ರಿ?