ಜೀರ್ಣವಾಗದ ಸಕ್ಕರೆ ಎದೆಹಾಲಿನಲ್ಲಿ ಯಾಕೆ?

ಪ್ರಶ್ನೆ (ಕಟಪಾಡಿಯ ಒಬ್ಬ ತಾಯಿ): ನಮಸ್ತೆ ಡಾಕ್ಟ್ರೇ. ಮಗುವಿಗೆ ಎರಡು ತಿಂಗಳು, ನನ್ನ ಹಾಲು ಮಾತ್ರ. ದಿನಕ್ಕೆ ಆರೇಳು ಸಲ ಹಳದಿಯಾಗಿ, ನೀರುನೀರಾಗಿ ಕಕ್ಕ ಮಾಡುತ್ತದೆ, ಹುಳಿ ವಾಸನೆ. "ಹಾಲು ಜೀರ್ಣ ಆಗ್ತಿಲ್ಲ, ಬಜೆ ತೇದು ನೆಕ್ಕಿಸು" ಅಂತಾರೆ ಅತ್ತೆ. ಮಗುವಿಗೆ ಜೀರ್ಣವಾಗದ ಸಕ್ಕರೆ ಎದೆಹಾಲಿನಲ್ಲಿದೆ ಅಂತ ನಾನೂ ಓದಿದ್ದೆ. ಅತ್ತೆ ಹೇಳೋದು ಸರಿನಾ?

ಮಕ್ಕಳ ಡಾಕ್ಟರ್: ನೀವು ಓದಿದ್ದು ಸರಿ, ಬಜೆ ಮಾತ್ರ ಬೇಡ.

ಹಾಲಿನ ಮುಖ್ಯ ಸಕ್ಕರೆ ಲ್ಯಾಕ್ಟೋಸ್. ಅದು ಮಗುವಿಗೆ ಚೆನ್ನಾಗಿ ಜೀರ್ಣವಾಗುತ್ತದೆ. ಅದರ ಜೊತೆ ಆಲಿಗೋಸ್ಯಾಕರೈಡ್ ಅಂತ ಇನ್ನೊಂದು ಗುಂಪಿದೆ, ಲೀಟರಿಗೆ ಸುಮಾರು 5ರಿಂದ 15 ಗ್ರಾಂ. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲಿನಲ್ಲಿ ಇನ್ನೂ ಜಾಸ್ತಿ. (ಕೆಲವರು ಅದನ್ನೇ ಹಿಂಡಿ ಚೆಲ್ಲುತ್ತಾರೆ, ಹೊಟ್ಟೆ ಉರಿಯುತ್ತದೆ.) ಇದನ್ನು ಒಡೆಯುವ ಕಿಣ್ವ ಮಗುವಿನ ಹೊಟ್ಟೆಯಲ್ಲಿಲ್ಲ. ಹಾಗಾಗಿ ಬಹುಪಾಲು ದೊಡ್ಡ ಕರುಳಿಗೇ ಇಳಿಯುತ್ತದೆ.

ಅಲ್ಲಿ ಕಾದಿರುವುದು ಬಿಫಿಡೋಬ್ಯಾಕ್ಟೀರಿಯಾ ಅನ್ನುವ ಒಳ್ಳೆಯ ಕ್ರಿಮಿ. ಅದರಲ್ಲೂ ಇನ್ಫ್ಯಾಂಟಿಸ್ ಅನ್ನುವ ಬಗೆ ಈ ಸಕ್ಕರೆಯನ್ನು ಇಡಿಯಾಗಿ ತನ್ನೊಳಗೆ ಎಳೆದುಕೊಂಡೇ ಒಡೆಯುತ್ತದೆ, ಬೇರೆ ಕ್ರಿಮಿಗಳಿಗೆ ಚೂರೂ ಬಿಡುವುದಿಲ್ಲ. ತಿಂದು ಅಸಿಟಿಕ್, ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಅಸಿಟಿಕ್ ಅಂದರೆ ವಿನೆಗರಿನ ಆಮ್ಲವೇ. ಆ ಹುಳಿ ವಾಸನೆ ಎಲ್ಲಿಂದ ಅಂತ ಗೊತ್ತಾಯ್ತಲ್ವಾ? ಆ ಹುಳಿಯಲ್ಲಿ ಕೆಟ್ಟ ಕ್ರಿಮಿಗಳು ಸುಲಭಕ್ಕೆ ಬೆಳೆಯುವುದಿಲ್ಲ. ಇನ್ನು ಕೆಲವು ಸಕ್ಕರೆಗಳು ಕರುಳಿನ ಗೋಡೆಯ ಸಕ್ಕರೆಯಂತೆಯೇ ಇರುತ್ತವೆ. ರೋಗದ ಕ್ರಿಮಿ ಇದೇ ಗೋಡೆ ಅಂದುಕೊಂಡು ಆ ಸಕ್ಕರೆಗೇ ಅಂಟಿಕೊಂಡು ಕಕ್ಕದಲ್ಲಿ ಹೊರಗೆ ಹೋಗುತ್ತದೆ.

ಮಗುವಿನ ತೂಕ ಏರುತ್ತಿದ್ದರೆ, ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಆರೇಳು ಸಲ ಏನೂ ಅಲ್ಲ. ರಕ್ತ ಕಂಡರೆ, ಜ್ವರ ಬಂದರೆ, ಹಾಲು ಕುಡಿಯದಿದ್ದರೆ ಕೂಡಲೇ ಕರೆತನ್ನಿ. ಬಜೆಯಾಗಲಿ ತೇಯುವ ಕಲ್ಲಾಗಲಿ ಎಷ್ಟು ಶುದ್ಧವೋ ಹೇಳಲಾಗದು. ಜೇನಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ, ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಆಗಬಹುದು. ರಾಗಿ ಮಣ್ಣಿಯೂ ಆರು ತಿಂಗಳಾದ ಮೇಲೆಯೇ.

ಪ್ರಶ್ನೆ (ಸುರತ್ಕಲ್‌ನಿಂದ): ನನ್ನದು ಸಿಸೇರಿಯನ್. ಆ ಒಳ್ಳೆಯ ಕ್ರಿಮಿ ಮಗುವಿಗೆ ಬರುವುದೇ ಇಲ್ವಾ? ಪ್ರೋಬಯಾಟಿಕ್ ಡ್ರಾಪ್ಸ್ ಹಾಕಲಾ?

ಮಕ್ಕಳ ಡಾಕ್ಟರ್: ಬರುತ್ತದೆ ಅಮ್ಮ, ಸ್ವಲ್ಪ ತಡವಾಗಬಹುದು. ಸಿಸೇರಿಯನ್ ಮಕ್ಕಳಲ್ಲಿ ಮೊದಲ ವಾರಗಳಲ್ಲಿ ಬಿಫಿಡೋ ಕಡಿಮೆ ಇರುವುದು ನಿಜ. ಎದೆಹಾಲು ಕೊಡುತ್ತಾ ಇರಿ, ಆ ಕ್ರಿಮಿಯ ಊಟ ಹಾಲಿನಲ್ಲೇ ಇದೆ. ದಿನ ತುಂಬಿ ಹುಟ್ಟಿ ಆರೋಗ್ಯವಾಗಿರುವ ಮಗುವಿಗೆ ಸುಮ್ನೆ ಡ್ರಾಪ್ಸ್ ಬೇಡ.

ಪ್ರಶ್ನೆ (ಅವರೇ): ನನಗೆ ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲೂ ಕೊಡುತ್ತಿದ್ದೇನೆ. ಅದರಲ್ಲಿ ಈ ಸಕ್ಕರೆ ಇರುತ್ತದಾ?

ಮಕ್ಕಳ ಡಾಕ್ಟರ್: ಕೆಲವು ಡಬ್ಬಿಗಳಲ್ಲಿ ತಯಾರಿಸಿದ ಒಂದೆರಡು ಬಗೆ ಸೇರಿಸುತ್ತಾರೆ. ಎದೆಹಾಲಿನಲ್ಲಿ ನೂರಕ್ಕೂ ಹೆಚ್ಚು ಬಗೆ. ಆದರೂ ಬೇಸರ ಮಾಡಬೇಡಿ, ಎಷ್ಟು ಬರುತ್ತದೋ ಅಷ್ಟು ಕುಡಿಸಿ. ಮಗು ಎದೆ ಹಿಡಿಯುವ ರೀತಿ ಒಮ್ಮೆ ನೋಡಬೇಕು, ಸೋಮವಾರ ಒಪಿಡಿಗೆ ಬನ್ನಿ.