ಕಿಟಕಿ ಇಲ್ಲದ ಕ್ಯಾಬಿನ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ರಾಜಾಜಿನಗರ ರಾಘು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಮೂರು ರಾತ್ರಿಯ ಕ್ರೂಸ್ ಮಾಡೋಣ ಅಂತ ಇದ್ದೇವೆ. ಹಡಗು ಮಲೇಷ್ಯಾದ ಪೆನಾಂಗ್‌ಗೆ ಹೋಗಿ ವಾಪಸ್ ಬರುತ್ತದೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ 71 ವರ್ಷದ ಅಮ್ಮ. ಎರಡು ಕ್ಯಾಬಿನ್ ಬೇಕು. ಎರಡೂ ಬಾಲ್ಕನಿ ಆದರೆ, ಎರಡೂ ಇನ್‌ಸೈಡ್‌ಗಿಂತ ಒಟ್ಟು 58 ಸಾವಿರ ಜಾಸ್ತಿ. ಇನ್‌ಸೈಡ್ ಅಂದರೆ ಹಡಗಿನ ಒಳಸಾಲಿನ ರೂಮು, ಕಿಟಕಿಯೇ ಇರುವುದಿಲ್ಲ. ‘ಮಲಗೋದಕ್ಕೆ ತಾನೇ, ಸಾಕು’ ಅಂತಾಳೆ ಹೆಂಡತಿ. ನನಗೆ ಅಮ್ಮನದೇ ಯೋಚನೆ. ಹೋಗಿಬಂದವರು ಹೇಳಿ.

ಗಾಂಧಿಬಜಾರ್ ಗಿರಾಕಿ:
ಕಣ್ಣುಮುಚ್ಚಿ ಇನ್‌ಸೈಡ್ ತಗೊಳ್ಳಿ ಸರ್. 30-40 ಸೈಟಲ್ಲಿ ಪಕ್ಕದ ಮನೆ ಗೋಡೆ ನೋಡಿಕೊಂಡೇ ಬೆಳೆದವರು ನಾವು. ನಮ್ಮ ಬೆಡ್‌ರೂಮ್ ಕಿಟಕಿ ತೆಗೆದರೆ ಕಾಣುವುದು ಪಕ್ಕದವರ ಗೀಸರ್ ಪೈಪು!

ನಾವು ಮುಂಬೈನಿಂದ ಗೋವಾ, ಲಕ್ಷದ್ವೀಪ ಅಂತ ಹಡಗಲ್ಲಿ ಹೋಗಿದ್ದೆವು. ಇನ್‌ಸೈಡೇ. ರೂಮಲ್ಲಿ ಇದ್ದಿದ್ದು ನಿದ್ದೆಗೆ, ಸ್ನಾನಕ್ಕೆ, ಅಷ್ಟೇ. ಮೇಲಿನ ಡೆಕ್‌ಗೆ ಹೋದರೆ ಬಾಲ್ಕನಿಯವರಿಗೂ ನಮಗೂ ಒಂದೇ ಕಡಲು. ಊಟ, ಶೋ, ಈಜುಕೊಳ ಎಲ್ಲ ಒಂದೇ. ಎಸಿ ಚೆನ್ನಾಗಿರುತ್ತದೆ, ಉಸಿರು ಕಟ್ಟುವುದೇನೂ ಇಲ್ಲ. ಒಂದೇ ತೊಂದರೆ ಅಂದರೆ ಕತ್ತಲೆ. ಮೊದಲನೇ ದಿನ ಎದ್ದು ಇನ್ನೂ ಬೆಳಗಾಗಿಲ್ಲ ಅಂತ ಮತ್ತೆ ಮಲಗಿದೆ. ಮೊಬೈಲ್ ನೋಡಿದರೆ ಹತ್ತೂವರೆ. ತಿಂಡಿ ಮುಗಿದುಹೋಗಿತ್ತು.

ಜಯನಗರದ ಜಯಾ:
ಇವರು ತಿಂಡಿ ತಪ್ಪಿಸಿಕೊಂಡಿದ್ದನ್ನೇ ಇನ್‌ಸೈಡ್‌ನ ಹಿರಿಮೆ ಅನ್ನೋ ಹಾಗೆ ಹೇಳ್ತಿದ್ದಾರೆ 😄

ರಾಘು, ನಾನು ಎರಡೂ ಥರದಲ್ಲಿ ಹೋಗಿದ್ದೀನಿ. ವಯಸ್ಸಾದವರು ಮಧ್ಯಾಹ್ನ ಊಟ ಆದಮೇಲೆ ರೂಮಿಗೆ ಬಂದೇ ಬರುತ್ತಾರೆ. ನೀವು ಮೂವರು ಈಜುಕೊಳದ ಹತ್ತಿರ ಇರುತ್ತೀರಿ. ಅವರು ಮೂರು ಗಂಟೆ ಹೊತ್ತು ಟ್ಯೂಬ್‌ಲೈಟ್ ಕೆಳಗೆ ಗೋಡೆ ನೋಡ್ತಾ ಕೂರಬೇಕಾ? ನಮ್ಮ ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕಾಲು ಮೇಲಿಟ್ಟು, ಹಡಗು ಎಣಿಸ್ತಾ ಕೂತಿದ್ದರು. ನೀವು ಹೋಗೋ ಮಲಕ್ಕಾ ಜಲಸಂಧಿಯಲ್ಲಿ ಹಡಗಿಗೇನು ಬರವೇ, ಸರಕು ಹಡಗುಗಳ ಸಾಲೇ ಇರುತ್ತದೆ. ಸಿಲ್ಕ್ ಬೋರ್ಡ್ ಥರ, ಹಾರ್ನ್ ಮಾತ್ರ ಇಲ್ಲ.

ಅನುಮಾನ ಆನಂದ:
2020ರ ಫೆಬ್ರವರಿ ಮರೆತುಬಿಟ್ರಾ? ಕೊರೊನಾ ಬಂತು ಅಂತ ಡೈಮಂಡ್ ಪ್ರಿನ್ಸೆಸ್ ಅನ್ನೋ ಕ್ರೂಸ್ ಹಡಗನ್ನು ಜಪಾನಿನ ಯೊಕೊಹಾಮಾದಲ್ಲಿ ನಿಲ್ಲಿಸಿದ್ದರು. ಒಳಗೆ 3,700 ಜನ, ಎರಡು ವಾರ ರೂಮಲ್ಲೇ ಇರಿ ಅಂದರು. ಕಿಟಕಿ ಇಲ್ಲದವರನ್ನು ಸರದಿ ಮೇಲೆ ಡೆಕ್‌ಗೆ ಕರೆದುಕೊಂಡು ಹೋಗಿ ಗಾಳಿ ಕುಡಿಸಬೇಕಾಯಿತು. ಅವತ್ತೇ ನಾನು ತೀರ್ಮಾನ ಮಾಡಿದೆ, ಕಿಟಕಿ ಇಲ್ಲದಿದ್ದರೆ ಹಡಗೇ ಬೇಡ. ಇನ್ನೊಂದು, ಇನ್‌ಸೈಡ್‌ನಲ್ಲಿ ಹೊಯ್ದಾಟ ಜಾಸ್ತಿ, ವಾಂತಿ ಗ್ಯಾರಂಟಿ.

ಕುಂದಾಪ್ರದವ, ಈಗ ಯಲಹಂಕ:
ಆನಂದ್ ಮಾರಾಯ್ರೆ, ಮೊದಲನೆಯದು ನಿಜ, ಎರಡನೆಯದು ತಪ್ಪು.

ನಾನು ಎಂಟು ವರ್ಷ ಹಡಗಲ್ಲಿ ಕ್ಯಾಬಿನ್ ಕ್ಲೀನ್ ಮಾಡಿದವ. ಒಂದೊಂದು ಕಾಂಟ್ರಾಕ್ಟ್ ಎಂಟೊಂಬತ್ತು ತಿಂಗಳು. ನಮ್ಮ ರೂಮು ತೀರಾ ಕೆಳಗೆ, ಬಂಕ್ ಮಂಚ, ಕಿಟಕಿಯ ಮಾತೇ ಇಲ್ಲ. ಹಾಗಾಗಿ ಇನ್‌ಸೈಡ್ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಳ್ಳುತ್ತೇನೆ.

ಹೊಯ್ದಾಟಕ್ಕೂ ಕಿಟಕಿಗೂ ಸಂಬಂಧ ಇಲ್ಲ, ರೂಮು ಎಲ್ಲಿದೆ ಅನ್ನುವುದು ಮುಖ್ಯ. ಬಿಎಂಟಿಸಿ ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತು ಹಂಪ್ ದಾಟಿ ನೋಡಿ, ಆಮೇಲೆ ನಡುವಿನ ಸೀಟಲ್ಲಿ ಕೂತು ನೋಡಿ. ಹಡಗೂ ಹಾಗೇ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್ಕು, ಅಲ್ಲಿ ಅಲುಗಾಟ ಕಡಿಮೆ. ಮೂತಿಯ ಕಡೆ ತುಟ್ಟತುದಿಯ ಬಾಲ್ಕನಿಗಿಂತ ನಡುವಿನ ಇನ್‌ಸೈಡೇ ಮೇಲು. ತಲೆ ಸುತ್ತಿದರೆ ದೂರದ ದಿಗಂತ ನೋಡಿದಾಗ ಸಮಾಧಾನ ಆಗುತ್ತದೆ. ಅದು ಇನ್‌ಸೈಡ್‌ನಲ್ಲಿ ಸಿಗುವುದಿಲ್ಲ, ಡೆಕ್‌ಗೆ ಹೋಗಬೇಕು. ಮಲಕ್ಕಾದಲ್ಲಿ ಎರಡೂ ಕಡೆ ನೆಲ ಇರುವುದರಿಂದ ನಮ್ಮ ಮಳೆಗಾಲದ ಅರಬ್ಬಿ ಕಡಲಿನ ಥರ ಏನಿಲ್ಲ.

ಅಮ್ಮನ ವಿಷಯಕ್ಕೆ ಬಂದರೆ, ಬಾಲ್ಕನಿಗಿಂತ ದೊಡ್ಡ ವಿಷಯ ರಾತ್ರಿ ಬಾತ್‌ರೂಮ್. ಹಡಗಿನ ಬಾತ್‌ರೂಮ್ ಬಾಗಿಲಿಗೆ ಎತ್ತರದ ಹೊಸಿಲು ಇರುತ್ತದೆ. ಇನ್‌ಸೈಡ್‌ನಲ್ಲಿ ಲೈಟ್ ಆರಿಸಿದರೆ ಕಣ್ಣು ಬಿಟ್ಟಿದ್ದೇವೋ ಮುಚ್ಚಿದ್ದೇವೋ ಗೊತ್ತಾಗುವುದಿಲ್ಲ, ಅಷ್ಟು ಕಪ್ಪು. ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಎದ್ದವರು ಎಡವುವುದು ಅಲ್ಲೇ. ನಾನು ವಯಸ್ಸಾದವರ ರೂಮಲ್ಲಿ ಬಾತ್‌ರೂಮ್ ಲೈಟ್ ಹಾಕಿ, ಬಾಗಿಲಿಗೆ ಮಡಚಿದ ಟವೆಲ್ ಸಿಕ್ಕಿಸಿ, ನಾಲ್ಕು ಬೆರಳು ಸಂದಿ ಬಿಟ್ಟು ಬರುತ್ತಿದ್ದೆ. ಇಲ್ಲವೆಂದರೆ ಟಿವಿಯಲ್ಲಿ ಹಡಗಿನ ಮುಂದಿನ ಕ್ಯಾಮೆರಾ ತೋರಿಸುವ ಚಾನೆಲ್ ಇದ್ದರೆ ಅದನ್ನು ಹಾಕಿ ಸೌಂಡ್ ತೆಗೆಯಿರಿ. ರಾತ್ರಿ ಕಪ್ಪು, ಬೆಳಗಾಗುತ್ತಿದ್ದ ಹಾಗೆ ರೂಮೂ ಬೆಳಗಾಗುತ್ತದೆ. ಗಿರಾಕಿ ಅವರಿಗೆ ಇದು ಗೊತ್ತಿದ್ದಿದ್ದರೆ ತಿಂಡಿ ಸಿಗುತ್ತಿತ್ತು.

ಗಾಂಧಿಬಜಾರ್ ಗಿರಾಕಿ:
ತಿಂಡಿ ಬಿಡಿ ಅಣ್ಣಾ, ಸಾಕು 🙏

ಕೋರಮಂಗಲ ಕೋಡರ್:
ಕೆಲವು ಹಡಗುಗಳ ಇನ್‌ಸೈಡ್‌ನಲ್ಲಿ ವರ್ಚುವಲ್ ಬಾಲ್ಕನಿ ಇರುತ್ತದಲ್ಲ. ರಾಯಲ್ ಕೆರಿಬಿಯನ್ ಅನ್ನೋ ಕ್ರೂಸ್ ಕಂಪನಿಯವರು 2014ರಲ್ಲೇ ಒಂದು ಹಡಗಿಗೆ ಹಾಕಿದ್ದರು. ನೆಲದಿಂದ ಚಾವಣಿವರೆಗೆ 80 ಇಂಚಿನ ಪರದೆ, ಹೊರಗಿನ ಕಡಲು ಆಗಿಂದಾಗಲೇ ಕಾಣುತ್ತದೆ. ರಾಘು, ನಿಮ್ಮ ಹಡಗಲ್ಲಿ ಇದೆಯಾ ನೋಡಿ. ಮತ್ತೆ ಗ್ಯಾರಂಟಿ ರೇಟು ಅಂತ ಇನ್ನೂ ಕಡಿಮೆಗೆ ಸಿಗುತ್ತದೆ, ಅದನ್ನು ತಗೊಳ್ಳಿ.

ಜಯನಗರದ ಜಯಾ:
ಟಿವಿಯಲ್ಲಿ ಕಡಲು ನೋಡೋಕೆ ಸಿಂಗಪುರಕ್ಕೆ ಹೋಗಬೇಕಾ? ರಾಜಾಜಿನಗರದಲ್ಲೇ ಆಗುತ್ತೆ.

ಗ್ಯಾರಂಟಿ ಮಾತ್ರ ಬೇಡವೇ ಬೇಡ. ಅದರಲ್ಲಿ ರೂಮು ಯಾವುದು ಅಂತ ಕಂಪನಿಯೇ ಆಮೇಲೆ ಹೇಳೋದು. ಒಬ್ಬರೇ ಹೋಗೋರಿಗೆ ಸರಿ. ಎರಡು ಕ್ಯಾಬಿನ್ ಬೇಕಾದವರಿಗೆ ಒಂದು 6ನೇ ಡೆಕ್ ಮುಂದುಗಡೆ, ಇನ್ನೊಂದು 9ನೇ ಡೆಕ್ ಹಿಂದುಗಡೆ ಬಿತ್ತು ಅಂದುಕೊಳ್ಳಿ. ದೊಡ್ಡ ಹಡಗುಗಳು 300 ಮೀಟರ್ ದಾಟುತ್ತವೆ. ಮೆಜೆಸ್ಟಿಕ್ ಮೆಟ್ರೋದಲ್ಲಿ ಹಸಿರು ಲೈನಿಂದ ನೇರಳೆ ಲೈನಿಗೆ ದಿನಕ್ಕೆ ಐದಾರು ಸಲ ಬದಲಾಯಿಸಿದ ಹಾಗೆ. ಅಮ್ಮನ ಮಂಡಿ ಏನಾಗಬೇಕು?

ರಾಜಾಜಿನಗರ ರಾಘು:
ನಾಲ್ಕೂ ಜನ ಒಂದೇ ಬಾಲ್ಕನಿ ಕ್ಯಾಬಿನ್‌ನಲ್ಲಿ ಇದ್ದರೆ? ನಾಲ್ಕು ಜನರದ್ದೂ ಸಿಗುತ್ತದೆ ಅಂತ ಏಜೆಂಟ್ ಹೇಳಿದ.

ಕುಂದಾಪ್ರದವ, ಈಗ ಯಲಹಂಕ:
ಸಿಗುತ್ತದೆ. ಹೆಚ್ಚಾಗಿ ಮೇಲಿನ ಎರಡು ಬರ್ತು ಚಾವಣಿಯಿಂದ ಕೆಳಗೆ ಇಳಿಯುತ್ತವೆ, ರೈಲಿನ ಅಪ್ಪರ್ ಬರ್ತ್ ಥರ. ಹಗಲಲ್ಲಿ ಪರವಾಗಿಲ್ಲ. ರಾತ್ರಿ ಏಣಿ ಹಾಕಿದ ಮೇಲೆ ಓಡಾಡಲು ಜಾಗ ಇರುವುದಿಲ್ಲ. ಮತ್ತೆ ನಾಲ್ಕು ಜನಕ್ಕೆ ಒಂದೇ ಬಾತ್‌ರೂಮು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಒಂದು ಬಾಲ್ಕನಿ, ಕಾರಿಡಾರ್ ದಾಟಿ ಅದರ ಎದುರಿಗೆ ಒಂದು ಇನ್‌ಸೈಡ್. ಅಜ್ಜಿ, ಮೊಮ್ಮಗಳು ಬಾಲ್ಕನಿಯಲ್ಲಿ, ನೀವಿಬ್ಬರು ಇನ್‌ಸೈಡ್‌ನಲ್ಲಿ. ನಡುವೆ ನಾಲ್ಕು ಹೆಜ್ಜೆ. ಹಗಲು ಎಲ್ಲರೂ ಬಾಲ್ಕನಿಯಲ್ಲೇ ಕೂರಬಹುದು. ಬುಕ್ ಮಾಡುವಾಗ ಡೆಕ್ ಪ್ಲಾನ್ ತೆಗೆದು ಮೇಲೆ, ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ನೆಮ್ಮದಿ.

ಇನ್ನೊಂದು ಮಾತು. ಅಮ್ಮ ಪೂಜೆ ಮಾಡುವವರಾದರೆ ಊದುಬತ್ತಿ, ದೀಪ ಮನೆಯಲ್ಲೇ ಬಿಟ್ಟು ಬರಲಿ. ಹಡಗಲ್ಲಿ ಬೆಂಕಿಯದೇ ದೊಡ್ಡ ಭಯ, ಕ್ಯಾಬಿನ್‌ನಲ್ಲಿ ಯಾವುದೂ ಉರಿಸುವ ಹಾಗಿಲ್ಲ. ಒಬ್ಬ ಅಜ್ಜಿ ಕಪಾಟಿನೊಳಗೆ ಊದುಬತ್ತಿ ಹಚ್ಚಿ ಬಾಗಿಲು ಮುಚ್ಚಿದ್ದರು, ಹೊಗೆ ಗೊತ್ತಾಗಬಾರದು ಅಂತ. ಎರಡೇ ನಿಮಿಷಕ್ಕೆ ಬಾಗಿಲ ಹತ್ತಿರ ನಾಲ್ಕು ಜನ ಸೆಕ್ಯೂರಿಟಿ. ಅಜ್ಜಿ ಅವರಿಗೂ ಪ್ರಸಾದ ಕೊಡಲು ಹೋದರು.

ಅನುಮಾನ ಆನಂದ:
ಒಂದು ಬಾಲ್ಕನಿ ಇರುವುದರಿಂದ ಒಪ್ಪುತ್ತೇನೆ. ಆದರೂ ಇನ್‌ಸೈಡ್‌ನಲ್ಲಿ ಮಲಗುವವರಿಗೆ ಧೈರ್ಯ ಬೇಕು.

ರಾಜಾಜಿನಗರ ರಾಘು:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಕಿಟಕಿ ಬಗ್ಗೆ ಅವರಿಗೆ ತಲೆಬಿಸಿಯೇ ಇಲ್ಲ. ಕೇಳಿದ್ದು ಒಂದೇ, ‘ನನ್ನ ಜೊತೆ ಯಾರು ಮಲಗ್ತಾರೆ?’ ಮಗಳು ಅಂದಾಗ ‘ಹಾಗಾದ್ರೆ ಎಲ್ಲಾದ್ರೂ ಸರಿ’ ಅಂದರು. ಎದುರುಬದುರು ಕ್ಯಾಬಿನ್ ಬುಕ್ ಮಾಡಿದೆ, 8ನೇ ಡೆಕ್, ಲಿಫ್ಟ್‌ಗೆ ಹತ್ತಿರ. ಇನ್‌ಸೈಡ್ ಸಾಕು ಅಂತಿದ್ದ ನನ್ನ ಹೆಂಡತಿ ಈಗ ಕೇಳ್ತಿದ್ದಾಳೆ, ಬಾಲ್ಕನಿ ರೂಮಿನ ಕೀ ಇನ್ನೊಂದು ಸಿಗುತ್ತದಾ ಅಂತ.

ಕುಂದಾಪ್ರದವ, ಈಗ ಯಲಹಂಕ:
ಸಿಗುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವೀಸ್ ಕೌಂಟರ್‌ಗೆ ಎಲ್ಲರೂ ಒಟ್ಟಿಗೆ ಹೋಗಿ ಕೇಳಿ. ಸಂಜೆ ಆದರೆ ಕ್ಯೂ ಉದ್ದ ಇರುತ್ತದೆ, ಊಟಕ್ಕೆ ಮೊದಲೇ ಹೋಗಿ.