‘ಪೈರೇಟ್ಸ್ ಆಫ್ ಸಿಲಿಕಾನ್ ವ್ಯಾಲಿ’ ಇನ್ನೂ ಯಾಕೆ ಚರ್ಚೆಯಲ್ಲಿದೆ?

ಫ್ಲಾಪಿಪ್ರಿಯ:
ಆ್ಯಪಲ್‌ನ ಸ್ಟೀವ್ ಜಾಬ್ಸ್, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಪೈಪೋಟಿಯ ಬಗ್ಗೆ 1999ರಲ್ಲಿ ಅಮೆರಿಕದ ಟಿಎನ್‌ಟಿ ವಾಹಿನಿಗಾಗಿ ತೆಗೆದ ಟಿವಿ ಸಿನಿಮಾ ಇದು. ಜಾಬ್ಸ್ ಬಗ್ಗೆ ಆಮೇಲೆ ದೊಡ್ಡ ತಾರೆಯರ ಸಿನಿಮಾಗಳೇ ಬಂದವು. ಆದರೂ ಹಳಬರು ಇದನ್ನೇ ನೋಡಿ ಅನ್ನುತ್ತಾರೆ. ಯಾಕೆ? ಇದರಲ್ಲಿ ಎಷ್ಟನ್ನು ನಂಬಬಹುದು?

ಬೇಸಿಕ್_ಭಟ್ಟ:
ಬಂದ ಹೊತ್ತು ಅಂಥದ್ದು. 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಕೇಸು ಹಾಕಿತ್ತು. ಅದೇ ಆಗಸ್ಟ್‌ನಲ್ಲಿ ಆ್ಯಪಲ್‌ನ ಐಮ್ಯಾಕ್ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಗೇಟ್ಸ್ ಗೆದ್ದ, ಜಾಬ್ಸ್ ಸೋತ ಎಂದು ಮುಗಿದಂತಿದ್ದ ಲೆಕ್ಕ ಮತ್ತೆ ತೆರೆದುಕೊಳ್ಳುತ್ತಿತ್ತು. ಸಿನಿಮಾ ಮಾತ್ರ 1997ರ ಬಾಸ್ಟನ್ ಮ್ಯಾಕ್‌ವರ್ಲ್ಡ್ ಎಂಬ ಆ್ಯಪಲ್ ಸಮ್ಮೇಳನಕ್ಕೇ ನಿಲ್ಲುತ್ತದೆ: ಆ್ಯಪಲ್‌ಗೆ ಮೈಕ್ರೋಸಾಫ್ಟ್‌ನ 15 ಕೋಟಿ ಡಾಲರ್, ಪರದೆಯ ತುಂಬ ಗೇಟ್ಸ್ ಮುಖ, ಕೆಳಗೆ ಚಿಕ್ಕದಾಗಿ ಜಾಬ್ಸ್. ಐಫೋನ್ ಕಂಡವರಿಗೆ ಆ ದೃಶ್ಯದ ಅರ್ಥವೇ ತಿರುಗುಮುರುಗು.

ಇನ್ನೊಂದು ಕಾರಣ ಸ್ವತಃ ಜಾಬ್ಸ್. 1999ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ವೇದಿಕೆಗೆ ಮೊದಲು ಬಂದದ್ದು ಅವರಲ್ಲ, ಅವರ ವೇಷದಲ್ಲಿ ಸಿನಿಮಾದ ಜಾಬ್ಸ್ ಪಾತ್ರಧಾರಿ ನೋಆ ವೈಲಿ! ತನ್ನನ್ನು ಕ್ರೂರಿಯಂತೆ ತೋರಿಸಿದ ಸಿನಿಮಾವನ್ನೇ ಪ್ರಚಾರಕ್ಕೆ ಬಳಸಿಕೊಂಡ ಜಾಣತನ ಅದು. ಆ್ಯಪಲ್ ಸಹಸ್ಥಾಪಕ ವೋಜ್ನಿಯಾಕ್ ಕೂಡ ಪಾತ್ರಗಳ ಸ್ವಭಾವ ಸರಿಯಾಗಿ ಬಂದಿದೆ ಎಂದು ಮೆಚ್ಚಿದ್ದರು.

ಹಳೇ_ಮೌಸ್:
ಸ್ವಭಾವಕ್ಕೆ ನಂಬಿ, ವ್ಯವಹಾರಕ್ಕೆ ಬೇಡ. ಮೂರು ಕಡೆ ಎಚ್ಚರ ಬೇಕು.

ಮೌಸ್, ಚಿತ್ರಪರದೆಯ ತಂತ್ರ ನೋಡಲು ಆ್ಯಪಲ್‌ನವರು ಜೆರಾಕ್ಸ್ ಕಂಪನಿಯ ಸಂಶೋಧನಾಲಯ ‘ಪಾರ್ಕ್’ಗೆ ಕೊಟ್ಟ ಭೇಟಿ ನೋಡಿದರೆ ಹಾಡಹಗಲ ಕಳವು ಅನಿಸುತ್ತದೆ. ನಿಜದಲ್ಲಿ ಅದಕ್ಕೆ ಒಪ್ಪಂದವಿತ್ತು: ಆ್ಯಪಲ್ ಇನ್ನೂ ಷೇರುಪೇಟೆಗೆ ಬರುವ ಮೊದಲೇ 1 ಲಕ್ಷ ಷೇರುಗಳನ್ನು ಸುಮಾರು 10 ಲಕ್ಷ ಡಾಲರಿಗೆ ಕೊಳ್ಳುವ ಅವಕಾಶ ಜೆರಾಕ್ಸ್‌ಗೆ ಸಿಕ್ಕಿತ್ತು.

ಪಿಸಿಯನ್ನು ನಡೆಸುವ ಮೂಲ ತಂತ್ರಾಂಶ ಡಾಸ್ ಮೈಕ್ರೋಸಾಫ್ಟ್‌ಗೆ ಒಂದೇ ಏಟಿಗೆ 50 ಸಾವಿರ ಡಾಲರಿಗೆ ಬಂದದ್ದಲ್ಲ. ಅದನ್ನು ಬರೆದಿದ್ದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ಗೆ 1980ರ ಕೊನೆಯಲ್ಲಿ ಲೈಸೆನ್ಸಿಗಾಗಿ 25 ಸಾವಿರ, 1981ರ ಜುಲೈನಲ್ಲಿ ಪೂರ್ಣ ಹಕ್ಕಿಗಾಗಿ ಮತ್ತೆ 50 ಸಾವಿರ ಕೊಟ್ಟರು. ಆದರೆ ಅಸಲು ಲಾಭ ಬಂದದ್ದು ಐಬಿಎಂ ಜೊತೆಗಿನ ಕರಾರಿನಿಂದ. ಡಾಸನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ಬಿಟ್ಟುಕೊಡಲಿಲ್ಲ. ಐಬಿಎಂ ಪಿಸಿಯ ನಕಲುಗಳು ಬಂದಾಗ ಅವೆಲ್ಲಕ್ಕೂ ಡಾಸೇ ಬೇಕಾಯಿತು.

ಮೈಕ್ರೋಸಾಫ್ಟ್‌ನ ವಿಂಡೋಸ್ ಮ್ಯಾಕ್‌ನ ನಕಲು ಎಂಬ ಜಗಳದ ಹಿಂದೆ 1985ರ ಒಂದು ಲೈಸೆನ್ಸ್ ಪತ್ರವಿದೆ. ಜಾನ್ ಸ್ಕಲಿ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಆ್ಯಪಲ್ಲೇ ಮೈಕ್ರೋಸಾಫ್ಟ್‌ಗೆ ಬರೆದುಕೊಟ್ಟದ್ದು. 1988ರಲ್ಲಿ ಆ್ಯಪಲ್ ಕೇಸು ಹಾಕಿದರೂ, ದೂರಿನಲ್ಲಿದ್ದ 189 ಅಂಶಗಳಲ್ಲಿ 179 ಆ ಪತ್ರದೊಳಗೇ ಬರುತ್ತವೆ ಎಂದಿತು ಕೋರ್ಟು.

ನೆಕ್ಸ್ಟ್_ನಿಂಗ:
ಮೇಲಿನದಕ್ಕೆ ಒಂದು ಸೇರ್ಪಡೆ. 1985ರಿಂದ ಸಿನಿಮಾ ನೇರ 1997ಕ್ಕೆ ಹಾರುತ್ತದೆ, ಆ್ಯಪಲ್ ಬಿಟ್ಟ ಮೇಲೆ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿಯ ಕಥೆ ಪೂರ್ತಿ ಮಾಯ. 1996ರ ಡಿಸೆಂಬರಿನಲ್ಲಿ ಆ್ಯಪಲ್ ಅದನ್ನು ಕೊಳ್ಳಲು ಒಪ್ಪಿದ್ದರಿಂದಲೇ ಜಾಬ್ಸ್ ವಾಪಸ್ ಬಂದದ್ದು, ಮ್ಯಾಕ್ ಕಂಪ್ಯೂಟರನ್ನು ನಡೆಸುವ ಮ್ಯಾಕ್ ಒಎಸ್ ಟೆನ್ ಹುಟ್ಟಿದ್ದೂ ಅದೇ ತಂತ್ರಾಂಶದಿಂದ.